ದಾರಿ ಜಗಳ ಹೆಣ ಬೀಳುವ ತನಕ ಹೋದರೆ ಹೊಣೆ ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ವಕೀಲಿ ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಸೈಡು ಕೊಡಲಿಲ್ಲ, ಮಿರರ್ ತಾಗಿತು, ಡಿಪ್ಪರ್ ಹಾಕಿದ ಅನ್ನುವಷ್ಟರಿಂದ ಶುರುವಾಗಿ ಕೊಲೆ ಕೇಸಾದ ಫೈಲುಗಳನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಕೆಲವದರಲ್ಲಿ ಆರೋಪಿಯ ಪರ ನಿಂತಿದ್ದೇನೆ, ಕೆಲವದರಲ್ಲಿ ಸತ್ತವರ ಮನೆಯವರ ಜೊತೆ. ಕಾನೂನು ಅರಿವು ಕಾರ್ಯಕ್ರಮಕ್ಕೆಂದು ಕಾಲೇಜು, ಟ್ಯಾಕ್ಸಿ ಸ್ಟ್ಯಾಂಡು, ಆಟೊ ಸಂಘಗಳಿಗೆ ಹೋದಾಗ ಜನ ಕೇಳಿದ ಪ್ರಶ್ನೆಗಳು, ಕಾಗದದಲ್ಲಿ ಬರೆದು ಕಳಿಸಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ತಿದ್ದಿಲ್ಲ. ಇದನ್ನು ಓದಿ ವಿಷಯ ತಿಳಿದುಕೊಳ್ಳಿ. ನಿಮ್ಮದೇ ಕೇಸು ಇದ್ದರೆ ಕಾಗದಪತ್ರ ಹಿಡಿದು ಒಬ್ಬ ವಕೀಲರ ಮುಂದೆ ಕೂರಲೇಬೇಕು.

## ಮೊದಲಿಗೆ ಕೇಳುವವು

"ರೋಡ್ ರೇಜ್" ಅಂತ ಕಾನೂನಲ್ಲಿ ಬೇರೆ ಸೆಕ್ಷನ್ ಇದೆಯಾ ಸಾರ್?

ಇಲ್ಲ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಹೆಸರಿನ ಅಪರಾಧ ಇಲ್ಲ. ರಸ್ತೆಯಲ್ಲಿ ನಡೆದದ್ದನ್ನು ಬಿಡಿಬಿಡಿಯಾಗಿ ನೋಡುತ್ತಾರೆ. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಕಲಂ 281, ಗಾಡಿ ಅಡ್ಡ ಹಾಕಿ ತಡೆದದ್ದಕ್ಕೆ 126, ಕೆಣಕಬೇಕೆಂದೇ ಬೈದದ್ದಕ್ಕೆ 352, ಬೆದರಿಕೆಗೆ 351, ಕೈಯಲ್ಲಿ ಹೊಡೆದದ್ದಕ್ಕೆ 115, ಆಯುಧ ಹಿಡಿದು ಹೊಡೆದದ್ದಕ್ಕೆ 118, ಜೀವ ಹೋದರೆ 103 ಇಲ್ಲವೇ 105. ಹತ್ತು ನಿಮಿಷದ ಜಗಳಕ್ಕೆ ಎಫ್‌ಐಆರ್‌ನಲ್ಲಿ ಐದಾರು ಕಲಂ ಬೀಳುವುದು ಹೀಗೆ. ಈ ಕಲಂಗಳನ್ನು ಸಾಲಾಗಿ ಓದಿ ನೋಡಿ, ಜಗಳ ಬೆಳೆದ ದಾರಿಯೇ ಕಾಣುತ್ತದೆ. ಒಂದೊಂದು ಮೆಟ್ಟಿಲನ್ನೂ ಹತ್ತಿದವರು ಯಾರು ಅಂತ ಕೋರ್ಟು ಬೇರೆ ಬೇರೆಯಾಗಿ ಕೇಳುತ್ತದೆ.

ಮೊದ್ಲು ಗಾಡಿ ಟಚ್ ಮಾಡಿದ್ದೂ ಅವ್ನೆ, ಮೊದ್ಲು ಬಾಯಿ ಬಿಟ್ಟಿದ್ದೂ ಅವ್ನೆ. ತಪ್ಪು ಅವಂದೇ ಅಲ್ವಾ?

ಗಾಡಿ ತಾಗಿಸಿದ ತಪ್ಪು ಅವನದೇ ಇರಬಹುದು. ಆ ತಪ್ಪಿಗೆ ಅವನು ಕೊಡಬೇಕಾದದ್ದು ಒಂದು ಮಿರರಿನ ದುಡ್ಡು, ಒಂದು ದಂಡ. ಅವನ ಪ್ರಾಣ ಅಲ್ಲ.

ನನ್ನ ಮುಂದೆ ಬರುವ ಹುಡುಗರಲ್ಲಿ ಹೆಚ್ಚಿನವರು ಈ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. "ಶುರು ಮಾಡಿದ್ದು ಅವ್ನು." ಆದರೆ ಹಠಾತ್ ಜಗಳದ ಬಗ್ಗೆ ಕಾನೂನು ಕೊಡುವ ವಿವರಣೆಯಲ್ಲೇ ಸ್ಪಷ್ಟವಾಗಿದೆ: ಕೆಣಕಿದ್ದು ಯಾರು, ಮೊದಲು ಕೈಯೆತ್ತಿದ್ದು ಯಾರು ಅನ್ನುವುದು ಅಲ್ಲಿ ಮುಖ್ಯವಲ್ಲ. ಕೋರ್ಟು ಕೇಳುವ ಪ್ರಶ್ನೆಗಳು ಬೇರೆ. ನೀನು ಗಾಡಿಯಿಂದ ಇಳಿದೆಯಾ? ಇಳಿಯುವಾಗ ಕೈಯಲ್ಲಿ ಏನಿತ್ತು? ದೇಹದ ಯಾವ ಭಾಗಕ್ಕೆ ಹೊಡೆದೆ? ಎಷ್ಟು ಸಲ? ಅವನು ಬಿದ್ದ ಮೇಲೂ ಹೊಡೆದೆಯಾ?

ಒಂದು ಕೇಸಿನಲ್ಲಿ ಸಾಕ್ಷಿ ವಿಚಾರಣೆ ದಿನ ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತು, ಬಿಚ್ಚಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು ಅರಗಿನ ಸೀಲು ಒತ್ತಿದ್ದ ವೀಲ್ ಸ್ಪ್ಯಾನರ್ ಒಂದು. ಹೊಲಿಗೆ ಕತ್ತರಿಸಿದಾಗ ತುಕ್ಕಿನ ಪುಡಿ ಮೇಜಿನ ಮೇಲೆ ಉದುರಿತು. ಇನ್ನೊಂದು ಚಿಕ್ಕ ಕವರಿನಲ್ಲಿ ಒಡೆದ ಸೈಡ್ ಮಿರರಿನ ಚೂರುಗಳಿದ್ದವು. ಮಹಜರಿನಲ್ಲಿ ಅದರ ಅಂದಾಜು ಬೆಲೆ 450 ರೂಪಾಯಿ ಅಂತ ಬರೆದಿತ್ತು. ಸಾಕ್ಷಿ ಕಟಕಟೆಯಲ್ಲಿದ್ದ ಪಂಚರು ಆ ಬೆಲೆಯನ್ನು ಓದಿ ಹೇಳಿದಾಗ ಆರೋಪಿ ಹುಡುಗ ತಲೆ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಅವನ ತಾಯಿಯೂ ಇದ್ದರು, ಸತ್ತವನ ಹೆಂಡತಿಯೂ ಇದ್ದರು. ಶುರು ಮಾಡಿದ್ದು ಯಾರು ಅಂತ ಆ ದಿನ ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ.

ಅವ್ವನ್ನ ಸೇರ್ಸಿ ಬೈದ. ಅಷ್ಟು ಕೇಳ್ಕೊಂಡು ಯಾರು ಸುಮ್ನಿರ್ತಾರೆ?

ಈ ಪ್ರಶ್ನೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಅವ್ವನ ಹೆಸರೆತ್ತಿದರೆ ಎಂಥ ತಣ್ಣನೆಯವನಿಗೂ ರಕ್ತ ಕುದಿಯುತ್ತದೆ. ಕಾನೂನೂ ಇದನ್ನು ಪೂರ್ತಿ ತಳ್ಳಿಹಾಕಿಲ್ಲ. ಗಂಭೀರವೂ ಹಠಾತ್ತೂ ಆದ ಪ್ರಚೋದನೆಯಿಂದ ಮನುಷ್ಯ ತನ್ನ ಮೇಲಿನ ಹತೋಟಿ ಕಳೆದುಕೊಂಡು ಕೊಂದರೆ, ಅದು ಕೊಲೆಯ ಬದಲು ಕೊಲೆಯಲ್ಲದ ನರಹತ್ಯೆ ಆಗಬಹುದು. ಗಮನಿಸಿ, ಹಾಗಾದರೂ ಬಿಡುಗಡೆ ಇಲ್ಲ. ಶಿಕ್ಷೆಯ ತೂಕ ಇಳಿಯಬಹುದು, ಅಷ್ಟೆ.

"ಗಂಭೀರ", "ಹಠಾತ್" ಎರಡೂ ಒಟ್ಟಿಗೆ ಇರಬೇಕು. 1959ರ ನಾನಾವತಿ ಪ್ರಕರಣದಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರಿಗೆ ಹೆಂಡತಿಯ ಸಂಬಂಧದ ಸುದ್ದಿ ಗೊತ್ತಾಯಿತು. ಸುದ್ದಿ ಗೊತ್ತಾದ ಮೇಲೆ ಗುಂಡು ಹಾರುವುದರೊಳಗೆ ಹಲವು ಗಂಟೆ ಕಳೆದಿತ್ತು, ಅಷ್ಟರಲ್ಲಿ ಅವರು ಹಡಗಿಗೆ ಹೋಗಿ ರಿವಾಲ್ವರ್ ತಂದಿದ್ದರು. ಹತೋಟಿ ಮರಳಿ ಪಡೆಯಲು ಸಮಯವಿತ್ತು ಎಂದು ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಅಲ್ಲಿ ಗಂಟೆಗಳು, ದಾರಿ ಜಗಳದಲ್ಲಿ ನಿಮಿಷಗಳು. ಆದರೆ ಬೈಗುಳ ಕೇಳಿದವನು ಬೇಲೂರು ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಬೆನ್ನಟ್ಟಿಕೊಂಡು ಹೋಗಿ ಅಡ್ಡ ಹಾಕಿದ್ದರೆ, ಆ ನಾಲ್ಕು ಕಿಲೋಮೀಟರ್‌ಗೂ ಅವನು ಲೆಕ್ಕ ಕೊಡಬೇಕಾಗುತ್ತದೆ. ಗೇರ್ ಬದಲಿಸಿದ್ದಾನೆ, ತಿರುವಿನಲ್ಲಿ ಬ್ರೇಕ್ ಹಿಡಿದಿದ್ದಾನೆ, ಎದುರಿನ ಬಸ್ಸಿಗೆ ದಾರಿ ಬಿಟ್ಟಿದ್ದಾನೆ. ಹತೋಟಿ ಪೂರ್ತಿ ತಪ್ಪಿದವನು ಹೀಗೆ ಗಾಡಿ ಓಡಿಸುತ್ತಾನೆಯೇ ಎಂದು ಸರ್ಕಾರಿ ವಕೀಲರು ಕೇಳಿಯೇ ಕೇಳುತ್ತಾರೆ.

ಬರೀ ಕೈಲಿ ಒಂದೇ ಏಟು. ಅದಕ್ಕೂ ಜೈಲಾ?

ಆಗಬಹುದು. ಎಲ್ಲರಿಗೂ ಗೊತ್ತಿರುವ ಪ್ರಕರಣ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅವರದು. 1988ರ ಡಿಸೆಂಬರ್ 27ರಂದು ಪಟಿಯಾಲದಲ್ಲಿ ಗಾಡಿ ವಿಚಾರಕ್ಕೆ ಜಗಳವಾಗಿ, ಏಟು ತಿಂದ 65 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ವಿಚಾರಣಾ ನ್ಯಾಯಾಲಯ 1999ರಲ್ಲಿ ಬಿಡುಗಡೆ ಮಾಡಿತು. ಹೈಕೋರ್ಟ್ 2006ರಲ್ಲಿ ಕೊಲೆಯಲ್ಲದ ನರಹತ್ಯೆ ಎಂದು 3 ವರ್ಷ ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಬರೀ ಹೊಡೆತದ ಅಪರಾಧಕ್ಕೆ ಇಳಿಸಿ 1,000 ರೂಪಾಯಿ ದಂಡಕ್ಕೆ ನಿಲ್ಲಿಸಿತು. ಸತ್ತವರ ಮನೆಯವರು ಬಿಡಲಿಲ್ಲ. ಅವರ ಪುನರ್‌ಪರಿಶೀಲನಾ ಅರ್ಜಿಯ ಮೇಲೆ 2022ರ ಮೇ 19ರಂದು ಅದೇ ಸುಪ್ರೀಂ ಕೋರ್ಟ್ 1 ವರ್ಷದ ಕಠಿಣ ಸಜೆ ವಿಧಿಸಿತು. ಮೈಕಟ್ಟು ಗಟ್ಟಿಯಿರುವ ಕ್ರೀಡಾಪಟುವಿನ ಕೈ ತಾನೇ ಒಂದು ಆಯುಧವಾಗಬಹುದು, ಎದುರಿಗಿರುವವರ ವಯಸ್ಸನ್ನೂ ನೋಡಬೇಕು ಎನ್ನುವುದು ಆ ತೀರ್ಪಿನ ತಿರುಳು. ಒಂದು ಏಟು, 33 ವರ್ಷ ಕೋರ್ಟು.

ರಸ್ತೆಯಲ್ಲಿ ಇನ್ನೊಂದು ಅಪಾಯವಿದೆ, ಇದನ್ನು ಕಾಲೇಜು ಹುಡುಗರಿಗೆ ತಪ್ಪದೆ ಹೇಳುತ್ತೇನೆ. ಕಪಾಳಕ್ಕೆ ಬಿದ್ದ ಏಟಿಗಿಂತ, ಆ ಏಟಿಗೆ ಆಯ ತಪ್ಪಿ ಹಿಂದಕ್ಕೆ ಬಿದ್ದು ತಲೆ ಡಾಂಬರಿಗೋ ಮೋರಿ ಕಟ್ಟೆಗೋ ಬಡಿದಾಗಲೇ ಪ್ರಾಣ ಹೋಗುವುದು. ಎದ್ದು ಮಾತಾಡಿಕೊಂಡು ಮನೆಗೆ ಹೋದವನು ತಲೆಯೊಳಗೆ ರಕ್ತ ಸೇರಿಕೊಂಡು ರಾತ್ರಿ ಮಲಗಿದಲ್ಲೇ ಪ್ರಜ್ಞೆ ತಪ್ಪಬಹುದು. ಸಂಜೆ ಇದ್ದ 115ರ ಕೇಸು ಬೆಳಗಾಗುವುದರೊಳಗೆ ಬೇರೆಯೇ ಆಗಿರುತ್ತದೆ.

ವಕೀಲ್ರು "103 ಬೇಡ, 105ಕ್ಕೆ ತರ್ಸೋಣ" ಅಂತಾರೆ. ಏನ್ ವ್ಯತ್ಯಾಸ?

103 ಕೊಲೆ. ಶಿಕ್ಷೆ ಮರಣದಂಡನೆ ಇಲ್ಲವೇ ಜೀವಾವಧಿ, ಅದಕ್ಕಿಂತ ಕಡಿಮೆ ಕೊಡಲು ಅವಕಾಶವಿಲ್ಲ. 105 ಕೊಲೆಯಲ್ಲದ ನರಹತ್ಯೆ. ಉದ್ದೇಶವಿದ್ದರೆ 5ರಿಂದ 10 ವರ್ಷ ಅಥವಾ ಜೀವಾವಧಿ. ಸಾಯಬಹುದು ಎಂಬ ಅರಿವು ಮಾತ್ರ ಇದ್ದರೆ 10 ವರ್ಷದವರೆಗೆ.

ದಾರಿ ಜಗಳದ ಕೇಸುಗಳಲ್ಲಿ ಈ ಎರಡರ ನಡುವಿನ ಗೆರೆ ಹೆಚ್ಚಾಗಿ "ಹಠಾತ್ ಜಗಳ" ಅನ್ನುವ ಅಪವಾದದ ಮೇಲೆ ನಿಲ್ಲುತ್ತದೆ. ಮೊದಲೇ ಯೋಚಿಸಿರಬಾರದು, ಜಗಳದ ಕಾವಿನಲ್ಲೇ ನಡೆದಿರಬೇಕು, ಹೊಡೆದವನು ಅನ್ಯಾಯದ ಲಾಭ ಪಡೆದಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ಕೈ ಕೈ ಮಿಲಾಯಿಸುತ್ತಿದ್ದವನು ಓಡಿಹೋಗಿ ಸೀಟಿನ ಕೆಳಗಿನ ಮಚ್ಚು ತಂದರೆ ಈ ಅಪವಾದ ಅಲ್ಲಿಗೇ ಕುಸಿಯುತ್ತದೆ. ಬರಿಗೈಯಲ್ಲಿ ನಿಂತವನ ಎದುರು ಆಯುಧ ತರುವುದೇ ಅನ್ಯಾಯದ ಲಾಭ. ಇನ್ನೊಂದು ಮಾತು. "ಸಾಯಿಸಬೇಕು ಅಂತಿರಲಿಲ್ಲ" ಎನ್ನುವುದು ಪೂರ್ತಿ ರಕ್ಷಣೆಯಲ್ಲ. ಮಾಡಬೇಕೆಂದೇ ಮಾಡಿದ ಗಾಯ ಸಾಮಾನ್ಯವಾಗಿ ಸಾವು ತರುವಂಥದ್ದಾಗಿದ್ದರೆ ಅದು ಕೊಲೆಯೇ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ, ಭರ್ಜಿಯ ಒಂದೇ ತಿವಿತದ ಪ್ರಕರಣದಲ್ಲಿ ಹೇಳಿದೆ.

ತೋಟದ ಕಡೆಯ ಜೀಪುಗಳಲ್ಲಿ ಕತ್ತಿ, ಗರಗಸ ಇರುವುದು ಕೆಲಸಕ್ಕೆ. ಅದು ತಪ್ಪಲ್ಲ. ಆದರೆ ಅದು ಕೈಗೆ ಸಿಗುವ ಹಾಗೆ ಡ್ರೈವರ್ ಸೀಟಿನ ಪಕ್ಕದಲ್ಲಿ ಇರಬೇಕಾಗಿಲ್ಲ. ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನ ಅಡಿಗಿಡಿ.

ಗಾಡಿ ಹತ್ತಿಸಿದ್ರೆ ಅದು ಆಕ್ಸಿಡೆಂಟ್ ಕೇಸೇ ತಾನೇ? ಇನ್ಶೂರೆನ್ಸ್ ನೋಡ್ಕೊಳ್ಳುತ್ತೆ.

ತಪ್ಪು ತಿಳಿವಳಿಕೆ. ಅಜಾಗರೂಕತೆಯಿಂದ ಸತ್ತರೆ ಕಲಂ 106(1), 5 ವರ್ಷದವರೆಗೆ ಶಿಕ್ಷೆ. ಜಗಳವಾಡಿ, ಸಿಟ್ಟಿನಲ್ಲಿ ಬೈಕ್ ಸವಾರನ ಹಿಂದೆ ಬಿದ್ದು ಬೇಕೆಂದೇ ಗುದ್ದಿದರೆ ಕಾರು ಅಲ್ಲಿ ಕಾರಲ್ಲ, ಮಚ್ಚಿಗಿಂತ ದೊಡ್ಡ ಆಯುಧ. ಆಗ ಬೀಳುವುದು 103. ಬೋನೆಟ್ ಮೇಲೆ ಮನುಷ್ಯ ಬಿದ್ದಿದ್ದರೂ ಗಾಡಿ ಓಡಿಸಿಕೊಂಡು ಹೋಗುವುದೂ ಹಾಗೆಯೇ. ಈಗ ಸಿಸಿಟಿವಿ, ಡ್ಯಾಶ್‌ಕ್ಯಾಮ್, ಟೋಲ್ ಕ್ಯಾಮೆರಾ ಎಲ್ಲ ಇವೆ. ಮೊದಲು ಆಕ್ಸಿಡೆಂಟ್ ಅಂತ ದಾಖಲಾದ ಕೇಸು ದೃಶ್ಯ ನೋಡಿದ ಮೇಲೆ ಕೊಲೆ ಕೇಸಾಗುವುದು ಹೊಸದೇನಲ್ಲ.

## ಜೊತೆಗಿದ್ದವರು, ಕಳಿಸಿದವರು, ನೋಡಿದವರು

ನಾನು ಕೈ ಮಾಡೇ ಇಲ್ಲ ಸಾರ್, ಬರೀ ಕಾರಲ್ಲಿದ್ದೆ. ನನ್ನ ಹೆಸ್ರು ಯಾಕ್ ಬಂತು?

ಕಾರಿನಲ್ಲಿ ಕೂತಿದ್ದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಹಾಗಂತ ಹೊಡೆಯದಿದ್ದ ಮಾತ್ರಕ್ಕೆ ಹೊರಗುಳಿಯುವುದೂ ಇಲ್ಲ.

ಕಲಂ 3(5) ಪ್ರಕಾರ ಒಂದೇ ಉದ್ದೇಶದಿಂದ ಹಲವರು ಸೇರಿ ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಷ್ಟೇ ಹೊಣೆ. ಐದು ಅಥವಾ ಹೆಚ್ಚು ಜನರಿದ್ದರೆ ಅಕ್ರಮ ಕೂಟದ 189, 190 ಬರುತ್ತವೆ. ಇದರ ಬುನಾದಿ ಸುಮಾರು ನೂರು ವರ್ಷ ಹಳೆಯದು. ಕಲ್ಕತ್ತೆಯ ಶಂಕರಿತೊಲ ಅಂಚೆ ಕಚೇರಿಯಲ್ಲಿ 1923ರಲ್ಲಿ ಪೋಸ್ಟ್‌ಮಾಸ್ಟರ್‌ನ ಕೊಲೆಯಾಯಿತು. ಆರೋಪಿಯೊಬ್ಬ "ನಾನು ಹೊರಗೆ ನಿಂತಿದ್ದೆ, ಗುಂಡು ಹಾರಿಸಲಿಲ್ಲ" ಎಂದ. ಕಾಯುತ್ತ ನಿಂತದ್ದೂ ಕೆಲಸದ ಭಾಗವೇ ಎಂದು, ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು.

ಹಾಗಾದರೆ ನಿಮ್ಮ ಪಾಲು ಎಷ್ಟು ಅನ್ನುವುದನ್ನು ನೀವು ಆ ಹೊತ್ತು ಮಾಡಿದ್ದೇ ಹೇಳುತ್ತದೆ. ಅವನ ಕೈ ಹಿಡಿದುಕೊಂಡಿರಾ? "ಬಿಡ್ಬೇಡ ಮಗಾ, ಹಾಕು" ಅಂದಿರಾ? ಡಿಕ್ಕಿ ತೆರೆದು ರಾಡು ಕೊಟ್ಟಿರಾ? ಓಡಿಹೋಗಲು ದಾರಿ ಕೊಡದೆ ಅಡ್ಡ ನಿಂತಿರಾ? ಇವುಗಳಲ್ಲಿ ಒಂದಿದ್ದರೂ ಸಾಕು. ಬದಲಿಗೆ ಸೊಂಟ ಹಿಡಿದು ಹಿಂದಕ್ಕೆ ಎಳೆದಿದ್ದರೆ, "ಬಾರೋ ಹೋಗಣ" ಅಂತ ಕೂಗಿದ್ದರೆ, 112ಕ್ಕೆ ಫೋನ್ ಮಾಡಿದ್ದರೆ ಅದೂ ದಾಖಲೆಯೇ. ಜೊತೆಗಿದ್ದ ಗೆಳೆಯರಿಗೆ ನಾನು ಕೈಮುಗಿದು ಕೇಳುವುದು ಇಷ್ಟೇ: ಇಡೀ ಜಗಳದಲ್ಲಿ ತಲೆ ಸ್ವಲ್ಪ ತಣ್ಣಗಿರುವುದು ನಿಮಗೆ ಮಾತ್ರ. ಸ್ಟೇರಿಂಗ್ ಹಿಡಿದವನಿಗೆ ಸಿಟ್ಟು ನೆತ್ತಿಗೇರಿರುತ್ತದೆ. ಅವನ ಬಾಗಿಲು ತೆಗೆಯುವ ಕೈಯನ್ನು ಹಿಡಿಯಲು ಆಗುವುದು ಪಕ್ಕದ ಸೀಟಿನವನಿಗೆ.

ಫೋನ್ ಮಾಡಿ ಹುಡುಗ್ರನ್ನ ಕರೆಸ್ದವ್ನು ಜಾಗದಲ್ಲೇ ಇರ್ಲಿಲ್ಲ. ಅವ್ನಿಗೂ ಬರುತ್ತಾ?

ಬರುತ್ತದೆ. ನಮ್ಮ ಊರುಗಳಲ್ಲಿ ಇದು ದೊಡ್ಡ ಪಿಡುಗು. ಗಾಡಿ ತಾಗಿದ ಕೂಡಲೇ ಊರಿಗೆ ಫೋನು, ಹದಿನೈದು ನಿಮಿಷದಲ್ಲಿ ಆರು ಬೈಕು. ಕರೆಸಿದವನ ಮೇಲೆ ದುಷ್ಪ್ರೇರಣೆ (ಅಪರಾಧಕ್ಕೆ ಕುಮ್ಮಕ್ಕು), ಒಳಸಂಚು ಎರಡೂ ಬರಬಹುದು. ಜೊತೆಗೆ ಆ ಫೋನಿನಿಂದಾಗಿ "ಹಠಾತ್ ಜಗಳ" ಎಂಬ ವಾದವೂ ಹೋಗುತ್ತದೆ. ಹದಿನೈದು ನಿಮಿಷ ಕಾದು ಜನ ಸೇರಿಸಿದ ಮೇಲೆ ಹಠಾತ್ ಎಲ್ಲಿ ಉಳಿಯಿತು? ಕರೆ ವಿವರ, ಟವರ್ ಲೊಕೇಶನ್, ವಾಟ್ಸಾಪ್ ಧ್ವನಿ ಸಂದೇಶ ಎಲ್ಲವೂ ಚಾರ್ಜ್‌ಶೀಟಿನ ಜೊತೆ ಬರುತ್ತವೆ.

ಫೋನ್ ಬಂದ ಕೂಡಲೇ ವಿಷಯ ಕೇಳದೆ ಬೈಕ್ ಹತ್ತುವ ಹುಡುಗರೂ ಇದನ್ನು ಓದಲಿ. ಗೆಳೆಯನ ಮಿರರಿಗಾಗಿ ಹೋದವರು ಜೀವಾವಧಿ ಶಿಕ್ಷೆ ಹೊತ್ತು ಕೂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ತವನ ಹೆಸರೂ ಅವರಿಗೆ ಅವತ್ತು ಗೊತ್ತಿರಲಿಲ್ಲ.

ವಿಡಿಯೋ ಮಾಡ್ಕೊಂಡು ನಿಂತವ್ರಿಗೆ ಏನೂ ಇಲ್ವಾ?

ಬಿಡಿಸಲಿಲ್ಲ ಎಂಬ ಕಾರಣಕ್ಕೆ ದಾರಿಹೋಕನಿಗೆ ಶಿಕ್ಷೆ ಇಲ್ಲ. ಆಯುಧ ಹಿಡಿದವನ ಮುಂದೆ ಹೋಗಿ ನಿಲ್ಲಿ ಎಂದು ನಾನೂ ಹೇಳಲಾರೆ. ಆದರೆ ಕೊಲೆಯಂಥ ಅಪರಾಧ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕರ್ತವ್ಯ ಎಂದು, ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 33 ಹೇಳುತ್ತದೆ. ಫೋನು ಕೈಯಲ್ಲೇ ಇದೆಯಲ್ಲ, ಮೊದಲು 112, ಆಮೇಲೆ ಕ್ಯಾಮೆರಾ. ಗಾಯಾಳು ಬಿದ್ದಿದ್ದರೆ 108.

ಆಸ್ಪತ್ರೆಗೆ ಸೇರಿಸಿದರೆ ಕೇಸಿಗೆ ಸಿಕ್ಕಿಹಾಕಿಕೊಳ್ಳುತ್ತೇವೆ ಎಂಬ ಭಯ ಇನ್ನೂ ಹೋಗಿಲ್ಲ. ಪೊಲೀಸ್ ಕೇಸು ಎಂದು ಕಾಯದೆ ಜೀವ ಉಳಿಸುವುದು ಪ್ರತಿ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆರವಾದವರನ್ನು ಕಾಪಾಡಲು ಕರ್ನಾಟಕವೇ 2016ರಲ್ಲಿ ತನ್ನದೇ ಕಾಯ್ದೆ ಮಾಡಿತು. ಮಾಡಿದ ವಿಡಿಯೋವನ್ನು ಗ್ರೂಪುಗಳಿಗೆ ಹರಡಬೇಡಿ. ಮೂಲ ಫೈಲನ್ನು ಅಳಿಸದೆ, ಕತ್ತರಿಸದೆ ಠಾಣೆಗೆ ಕೊಡಿ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿಗೆ ಕೋರ್ಟಿನಲ್ಲಿ ಆ ಬೆಲೆ ಇರುವುದಿಲ್ಲ.

ಕುಡ್ದಿದ್ದ, ಏನ್ ಮಾಡ್ತಿದೀನಿ ಅಂತ್ಲೇ ಗೊತ್ತಿರ್ಲಿಲ್ಲ ಅಂದ್ರೆ?

ಬೇರೆಯವರು ಮೋಸದಿಂದ, ಬಲವಂತದಿಂದ ಕುಡಿಸಿದ್ದರೆ ಮಾತು ಬೇರೆ. ತಾನಾಗಿ ಕುಡಿದವನಿಗೆ ಕುಡಿಯದವನಿಗಿರುವಷ್ಟೇ ಅರಿವು ಇತ್ತೆಂದು ಕಾನೂನು ಎಣಿಸುತ್ತದೆ (ಕಲಂ 24).

ಮಗನಿಗೆ 17 ವರ್ಷ. ಬಾಲಕ ಅಂತ ಬಿಟ್ಬಿಡ್ತಾರಾ?

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16 ತುಂಬಿದವನು ಕೊಲೆಯಂಥ ಘೋರ ಅಪರಾಧ ಮಾಡಿದ್ದರೆ, ಬಾಲನ್ಯಾಯ ಮಂಡಳಿ ಮೊದಲು ಅವನ ಮಾನಸಿಕ, ದೈಹಿಕ ಸಾಮರ್ಥ್ಯ ಅಳೆಯುತ್ತದೆ. ಆಮೇಲೆ ಅವನನ್ನು ವಯಸ್ಕನಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮರಣದಂಡನೆ ಇಲ್ಲ.

ತಂದೆತಾಯಿಗೂ ಪಾಲಿದೆ. ಬಾಲಕ ಗಾಡಿ ಓಡಿಸಿ ಮೋಟಾರು ವಾಹನ ಕಾಯ್ದೆಯ ಅಪರಾಧ ಮಾಡಿದರೆ ಕಲಂ 199ಎ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. "ತೋಟದ ದಾರೀಲಿ ತಾನೇ ಓಡಿಸ್ತಾನೆ" ಎಂದು ಕೀಲಿ ಕೊಡುವ ಅಪ್ಪಂದಿರೇ, ತೋಟದ ದಾರಿ ಎಲ್ಲೋ ಒಂದು ಕಡೆ ಹೆದ್ದಾರಿಗೆ ಸೇರುತ್ತದೆ.

## ನಮ್ಮ ದಾರಿಗಳ ಬಗ್ಗೆ

ಟೂರಿಸ್ಟ್ ಗಾಡಿಗಳು ಬಂದಿದ್ದಕ್ಕೇ ಅಲ್ವಾ ಇಷ್ಟೆಲ್ಲ? ರಸ್ತೆ ಸರಿ ಮಾಡದ ಸರ್ಕಾರದ್ದು ತಪ್ಪಿಲ್ವಾ?

ಸಿಟ್ಟು ಬರುವ ಹಾಗೆ ದಾರಿಗಳಿವೆ, ಒಪ್ಪುತ್ತೇನೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗುವ ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದ ಜಾಗಗಳಿವೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ನಮ್ಮ ಊರೊಳಗೆ ಬೈಕೂ ನುಸುಳದು. ಶಿರಾಡಿಯಲ್ಲಿ ಲಾರಿ ಸಾಲು ನಿಂತಿತೆಂದರೆ ಸಕಲೇಶಪುರದವರ ಬದುಕೇ ನಿಲ್ಲುತ್ತದೆ. ವಾರಾಂತ್ಯದ ದಟ್ಟಣೆ ಮೊದಲೇ ಗೊತ್ತಿದ್ದೂ ಏರ್ಪಾಡು ಮಾಡದ ಆಡಳಿತಕ್ಕೆ ನೈತಿಕ ಹೊಣೆ ಇದೆ. ಅದನ್ನು ಜನ ಗಟ್ಟಿಯಾಗಿ ಕೇಳಬೇಕು. ಆದರೆ ಅದೇ ಜಾಮಿನಲ್ಲಿ ಅವತ್ತು ಸಾವಿರ ಜನ ನಿಂತಿದ್ದರು. ರಾಡು ಹಿಡಿದು ಇಳಿದವನು ಒಬ್ಬ. ಕೊಲೆಯ ಹೊಣೆ ರಸ್ತೆಯ ಮೇಲೆ ಹೋಗುವುದಿಲ್ಲ.

ನಂಬರ್ ಬೋರ್ಡ್ ನೋಡಿ ಜಗಳವಾಡುವ ಚಾಳಿ ಎರಡೂ ಕಡೆ ಬೆಳೆದಿದೆ. ಬೆಂಗಳೂರು ನಂಬರ್ ಕಂಡರೆ ನಮ್ಮವರಿಗೆ ಉರಿ, ಚಿಕ್ಕಮಗಳೂರಿನ ಕೆಎ 18ರ ಜೀಪು ಹಾರ್ನ್ ಮಾಡಿದರೆ ಅವರಿಗೆ ಭಯ. ಕೆಲವು ವರ್ಷದ ಹಿಂದೆ ಕೈಮರ ದಾಟಿ ಮೇಲೆ ಹೋಗುವಾಗ ನನ್ನ ಕಣ್ಣೆದುರೇ ನಡೆದದ್ದು. ಇಳಿಯುತ್ತಿದ್ದ ಕಾರು, ಹತ್ತುತ್ತಿದ್ದ ಜೀಪು ಮೂತಿಗೆ ಮೂತಿ. ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲ ದಾರಿ. ಅದು ಬರೀ ರೂಢಿಯಲ್ಲ, ವಾಹನ ಚಾಲನಾ ನಿಯಮದಲ್ಲೇ ಇದೆ. ಕಾರಿನ ಹುಡುಗನಿಗೆ ಅದು ಗೊತ್ತಿರಲಿಲ್ಲ. ಜೊತೆಗೆ ಇಳಿಜಾರಿನ ದಾರಿಯಲ್ಲಿ ರಿವರ್ಸ್ ತೆಗೆಯಲು ಅವನ ಕೈ ನಡುಗುತ್ತಿತ್ತು. ಜೀಪಿನವನು ಅದನ್ನು ಸೊಕ್ಕು ಅಂದುಕೊಂಡ. ಮಾತು ಬೆಳೆದು, ಜೀಪಿನವನು ಸ್ಪ್ಯಾನರ್ ತೆಗೆದುಕೊಂಡು ಇಳಿದೇಬಿಟ್ಟ. ಆಗ ಜೀಪಿನ ಹಿಂದಿನ ಸೀಟಿನಿಂದ ಕೆಲಸಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ಇಳಿದು ಕಾರಿನ ಕಿಟಕಿಯ ಬಳಿ ಹೋದರು. "ಹೆದ್ರಬೇಡ ಮಗ, ಮೆಲ್ಲುಕೆ ಬಿಡು, ನಾನು ನೋಡ್ತೀನಿ" ಎಂದು ಹಿಂದೆ ನಿಂತು ಕೈ ಆಡಿಸುತ್ತ ರಿವರ್ಸ್ ಹೇಳಿದರು. ಮೂರು ನಿಮಿಷ ಹಿಡಿಯಿತು. ಸ್ಪ್ಯಾನರ್ ಹಿಡಿದವನು ಏನು ಮಾಡಬೇಕೆಂದು ತೋಚದೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ.

ಗಾಡಿ ಹಿಂದೆ ಬಿದ್ದು ಬಂದ್ರೆ ಏನ್ ಮಾಡ್ಲಿ? ಫ್ಯಾಮಿಲಿ ಜೊತೇಲಿರುತ್ತೆ.

ಇಳಿಯಬೇಡಿ. ಗಾಜು ಏರಿಸಿ, ಲಾಕ್ ಮಾಡಿ. ಮನೆಗೆ ಹೋಗಬೇಡಿ, ಮನೆ ತೋರಿಸಿದ ಹಾಗಾಗುತ್ತದೆ. ಜನ, ಬೆಳಕು, ಕ್ಯಾಮೆರಾ ಇರುವ ಕಡೆ ಹೋಗಿ: ಪೊಲೀಸ್ ಠಾಣೆ, ಪೆಟ್ರೋಲ್ ಬಂಕು, ಬಸ್ ಸ್ಟ್ಯಾಂಡು, ಹೆದ್ದಾರಿ 75ರಲ್ಲಿದ್ದರೆ ಶಾಂತಿಗ್ರಾಮದ ಟೋಲು. ಪಕ್ಕದವರಿಂದ 112ಕ್ಕೆ ಫೋನ್ ಮಾಡಿಸಿ, ನಂಬರ್ ಪ್ಲೇಟ್ ಹೇಳಿಸಿ. "ತಪ್ಪಾಯ್ತು ಅಣ್ಣ" ಅಂತ ಕೈ ಎತ್ತಿದರೆ ಏನೂ ಕಳೆದುಹೋಗುವುದಿಲ್ಲ. ಹಾಗೆ ಹೇಳಿದ ಮಾತ್ರಕ್ಕೆ ಕೋರ್ಟಿನಲ್ಲಿ ಆಕ್ಸಿಡೆಂಟ್ ತಪ್ಪು ನಿಮ್ಮದೆಂದು ತೀರ್ಮಾನವಾಗುವುದಿಲ್ಲ. ದುಡ್ಡಿನ ಲೆಕ್ಕ ಠಾಣೆಯಲ್ಲಿ, ಇನ್ಶೂರೆನ್ಸಿನಲ್ಲಿ ಮುಗಿಯುತ್ತದೆ.

ನಮ್ಮ ಮೇಲೇ ಬಿದ್ರೆ ವಾಪಸ್ ಹೊಡಿಬಾರ್ದಾ?

ಹೊಡೆಯಬಹುದು. ತನ್ನ, ಇತರರ ಶರೀರವನ್ನು ಕಾಪಾಡಿಕೊಳ್ಳುವ ಹಕ್ಕು ಕಲಂ 34ರಿಂದ 44ರವರೆಗೆ ಇದೆ. ಪ್ರಾಣಾಪಾಯದ ನಿಜವಾದ ಭಯವಿದ್ದರೆ ಎದುರಾಳಿಯ ಸಾವಿನ ತನಕವೂ ಆ ಹಕ್ಕು ಹೋಗುತ್ತದೆ. ಆದರೆ ಅಪಾಯ ಇರುವಷ್ಟು ಹೊತ್ತು ಮಾತ್ರ, ಬೇಕಾದಷ್ಟು ಬಲ ಮಾತ್ರ. ಅವನ ಕೈಯಿಂದ ರಾಡು ಕಸಿದ ಮೇಲೆ ಅದರಿಂದಲೇ ಅವನ ತಲೆಗೆ ಹೊಡೆದರೆ, ಓಡುವವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆಯಲ್ಲ.

## ಕೇಸು ಆದ ಮೇಲೆ

ದೊಡ್ಡೋರು ಕೂತು ರಾಜಿ ಮಾಡ್ಸಿದ್ರೆ ಕೇಸ್ ಮುಗಿಯುತ್ತಲ್ವಾ?

ಸಣ್ಣ ಹೊಡೆದಾಟದ ಕೇಸು ರಾಜಿಯಾಗುತ್ತದೆ. ಕೊಲೆ, ನರಹತ್ಯೆ ಕೇಸು ರಾಜಿಯಾಗುವಂಥದ್ದಲ್ಲ. ಅದು ಸರ್ಕಾರದ ಕೇಸು. ಮನೆಯವರು ದುಡ್ಡು ತೆಗೆದುಕೊಂಡು "ನಮಗೇನೂ ಬೇಡ" ಎಂದು ಬರೆದುಕೊಟ್ಟರೂ ನಡೆಯುತ್ತದೆ. ಪಂಚಾಯ್ತಿ ಕೂರಿಸುವ ಹಿರಿಯರಲ್ಲಿ ನನ್ನದೊಂದು ಕೋರಿಕೆ: ಹಳೇ ಜಗಳವೊಂದು ಹೊಗೆಯಾಡುತ್ತಿರುವಾಗ, ಇನ್ನೂ ಯಾರಿಗೂ ಏನೂ ಆಗಿಲ್ಲದಿರುವಾಗ ಕೂರಿಸಿ. ಹೆಣ ಬಿದ್ದ ಮೇಲೆ ಕೂರಿಸುವ ಪಂಚಾಯ್ತಿ ಸಾಕ್ಷಿಗಳ ಬಾಯಿ ಮುಚ್ಚಿಸುವ ಕೆಲಸವಾಗುತ್ತದೆ, ಅದೇ ಇನ್ನೊಂದು ಅಪರಾಧ.

ನೋಡಿದೀನಿ, ಆದ್ರೆ ಸಾಕ್ಷಿ ಹೇಳೋಕೆ ಭಯ.

ಭಯ ಸಹಜ. 2016ರ ಮೇ ತಿಂಗಳಲ್ಲಿ ಬಿಹಾರದ ಗಯಾದಲ್ಲಿ ಓವರ್‌ಟೇಕ್ ವಿಚಾರಕ್ಕೆ ವಿದ್ಯಾರ್ಥಿಯೊಬ್ಬ ಗುಂಡೇಟಿಗೆ ಬಲಿಯಾದ. ಅವನ ಜೊತೆ ಕಾರಿನಲ್ಲಿದ್ದ ಗೆಳೆಯರೇ ಕೋರ್ಟಿನಲ್ಲಿ ಹೇಳಿಕೆ ತಿರುಗಿಸಿದರು. 2017ರಲ್ಲಿ ಜೀವಾವಧಿ ಶಿಕ್ಷೆಯಾಗಿದ್ದವರನ್ನು 2023ರಲ್ಲಿ ಪಟ್ನಾ ಹೈಕೋರ್ಟ್ ಆರೋಪ ಸಂಶಯಾತೀತವಾಗಿ ಸಾಬೀತಾಗಿಲ್ಲವೆಂದು ಬಿಡುಗಡೆ ಮಾಡಿತು. ಹುಡುಗ ಸತ್ತದ್ದು ಸತ್ಯ, ಹೊಣೆ ಯಾರ ಮೇಲೂ ನಿಲ್ಲಲಿಲ್ಲ.

ಸಾಕ್ಷಿ ರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿದೆ. ಬೆದರಿಕೆ ಬಂದರೆ ಸರ್ಕಾರಿ ವಕೀಲರ ಅಥವಾ ತನಿಖಾಧಿಕಾರಿಯ ಮೂಲಕ ಅರ್ಜಿ ಕೊಡಿ. ಮ್ಯಾಜಿಸ್ಟ್ರೇಟರ ಮುಂದೆ ಬೇಗ ಹೇಳಿಕೆ ದಾಖಲಿಸಿ ಎಂದು ಕೇಳಿ. ಒಬ್ಬರೇ ಸಾಕ್ಷಿಯಾದಾಗ ಒತ್ತಡವೆಲ್ಲ ಅವರ ಮೇಲೆಯೇ. ನಾಲ್ಕು ಜನ ನೋಡಿದ್ದರೆ ನಾಲ್ಕೂ ಜನ ಹೇಳಿಕೆ ಕೊಡಿ.

ಸತ್ತೋರ ಮನೆಯೋರಿಗೆ ಏನ್ ಸಿಗುತ್ತೆ?

ಕರ್ನಾಟಕದಲ್ಲಿ 2011ರಿಂದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಕೋರ್ಟು ಆವರಣದಲ್ಲೇ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ತೀರ್ಪಿನ ತನಕ ಕಾಯಬೇಕಿಲ್ಲ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ಆರೋಪಿ ಬಿಡುಗಡೆಯಾದರೆ, ಚಿಕ್ಕ ಕಲಂಗೆ ಇಳಿದರೆ ಮೇಲ್ಮನವಿ ಹಾಕುವ ಹಕ್ಕು ನಿಮಗೂ ಇದೆ. ಪಟಿಯಾಲದ ಆ ಕುಟುಂಬ ಪಟ್ಟುಬಿಡದೆ ನಿಂತದ್ದಕ್ಕೇ 2022ರ ಆದೇಶ ಬಂದದ್ದು.

ವಾಹನ ವಿಮೆ ಇಂಥ ಸಾವಿಗೆ ಬರುತ್ತದೆಯೇ ಎನ್ನುವುದು ಕಷ್ಟದ ಪ್ರಶ್ನೆ. ಆಟೊ ಕದಿಯಲು ಬಂದವರು ಚಾಲಕನನ್ನು ಕೊಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಒಂದು ಅಳತೆ ಕೊಟ್ಟಿದೆ. ಕೊಲ್ಲುವುದೇ ಮೂಲ ಉದ್ದೇಶವಾಗಿದ್ದರೆ ಅದು ಬರೀ ಕೊಲೆ. ಬೇರೆ ಕೆಲಸಕ್ಕೆ ಬಂದು, ಗಾಡಿಯ ಬಳಕೆಯ ನಡುವೆ ಕೊಲೆಯಾದರೆ ಪರಿಹಾರದ ಮಟ್ಟಿಗೆ ಅದನ್ನು ಅಪಘಾತವೆಂದು ನೋಡಬಹುದು. ಆ ಕೇಸಿನಲ್ಲಿ ಕುಟುಂಬಕ್ಕೆ ಪರಿಹಾರ ಸಿಕ್ಕಿತು. ನಿಮ್ಮ ಪ್ರಕರಣ ಇವೆರಡರಲ್ಲಿ ಯಾವ ಕಡೆಗೆ ಬರುತ್ತದೆ ಎನ್ನುವುದನ್ನು ಕಾಗದ ನೋಡಿಯೇ ಹೇಳಬೇಕು.

ಬೈಕ್ ಕೊಡ್ಸಿದ್ದು ನಾನು. ಅವ್ನು ಚಿಕ್ಕೋನಿದ್ದಾಗ ಪಕ್ಕದಲ್ಲಿ ಕೂರಿಸ್ಕೊಂಡು ನಾನೂ ಎಲ್ರಿಗೂ ಬೈಕೊಂಡೇ ಗಾಡಿ ಓಡಿಸ್ತಿದ್ದೆ. ಈಗ ಜೈಲಲ್ಲಿದಾನೆ. ನಂದೂ ತಪ್ಪಿದೆಯಾ?

ಅರಕಲಗೂಡು ಕಡೆಯ ತಂದೆಯೊಬ್ಬರು ಒಂದು ಹಾಳೆಯಲ್ಲಿ ಇದನ್ನು ಬರೆದು ಕಳಿಸಿದ್ದರು.

ಕಾನೂನಿನ ಪ್ರಕಾರ ಇಲ್ಲ. 18 ತುಂಬಿದ ಮಗನ ಕೃತ್ಯಕ್ಕೆ ಅಪ್ಪ ಅಪರಾಧಿಯಲ್ಲ. ಆದರೆ ನೀವು ಕೇಳಿದ್ದು ಕಾನೂನನ್ನಲ್ಲ ಅಂತ ಆ ಹಾಳೆ ನೋಡಿಯೇ ಗೊತ್ತಾಯಿತು, ಆದ್ದರಿಂದ ಸುಳ್ಳು ಸಮಾಧಾನ ಹೇಳುವುದಿಲ್ಲ. ಇದೆ, ಸ್ವಲ್ಪ. ಮಕ್ಕಳು ಗಾಡಿ ಓಡಿಸುವುದನ್ನು ಡ್ರೈವಿಂಗ್ ಸ್ಕೂಲಿಗೆ ಹೋಗುವ ಮೊದಲೇ ನಮ್ಮ ಪಕ್ಕದ ಸೀಟಿನಲ್ಲಿ ಕಲಿತಿರುತ್ತಾರೆ.

ಈಗ ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ. ಸಾಕ್ಷಿಗಳ ಮನೆ ಬಾಗಿಲಿಗೆ ಹೋಗಬೇಡಿ, ಯಾರನ್ನೂ ಕಳಿಸಬೇಡಿ. ಮಗನಿಗೆ ತನ್ನ ವಕೀಲರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಲು ಹೇಳಿ. ದುಡ್ಡಿಲ್ಲದಿದ್ದರೆ ಉಚಿತ ವಕೀಲರನ್ನು ಕೇಳುವ ಹಕ್ಕು ಅವನಿಗೂ ಇದೆ. ಸತ್ತ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಬಹುದೇ ಅಂತ ಕೊನೆಯಲ್ಲಿ ಕೇಳಿದ್ದೀರಿ. ಕೇಸು ನಡೆಯುವಾಗ ಬೇಡ, ಸಾಕ್ಷಿಯ ಮೇಲೆ ಒತ್ತಡ ಹಾಕಲು ಬಂದರು ಅಂತಾಗುತ್ತದೆ. ತೀರ್ಪು ಬಂದ ಮೇಲೆ, ಅವರು ಬರಬಹುದು ಅಂದರೆ, ಹೋಗಿ. ನಿಮ್ಮ ಚಿಕ್ಕ ಮಗ ಬರುವ ವರ್ಷ ಲೈಸೆನ್ಸ್ ಮಾಡಿಸುತ್ತಾನೆ ಅಂತಲೂ ಬರೆದಿದ್ದೀರಿ. ಅಣ್ಣನ ಕೇಸಿನ ದಿನ ಅವನನ್ನೂ ಒಮ್ಮೆ ಕೋರ್ಟಿಗೆ ಕರೆದುಕೊಂಡು ಬನ್ನಿ, ಹಿಂದಿನ ಬೆಂಚಿನಲ್ಲಿ ಕೂರಲಿ.